ಓದುಗರ ಪ್ರಶ್ನೆ, ನಮ್ಮ ಉತ್ತರ: ಕಂಬಳಿಹುಳದ ಎರಿಕ್ ಕಾರ್ಲ್

ಅಮೆರಿಕದ ಮಕ್ಕಳ ಲೇಖಕ, ಚಿತ್ರಕಾರ ಎರಿಕ್ ಕಾರ್ಲ್ ಕುರಿತು ಬಂದ ಪ್ರಶ್ನೆಗಳಿಗೆ ಈ ಸಂಚಿಕೆಯ ಅಂಕಣ ಮೀಸಲು. ‘ದ ವೆರಿ ಹಂಗ್ರಿ ಕ್ಯಾಟರ್‌ಪಿಲರ್’ ಪುಸ್ತಕವನ್ನು ಇಲ್ಲಿ ‘ಕಂಬಳಿಹುಳದ ಪುಸ್ತಕ’ ಎಂದೇ ಕರೆದಿದ್ದೇವೆ. ಒಂದೇ ಬಗೆಯ ಪತ್ರಗಳನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಕಾರ್ಲ್ ಜರ್ಮನಿಯವರೆಂದು ಒಂದು ಕಡೆ, ಅಮೆರಿಕದವರೆಂದು ಇನ್ನೊಂದು ಕಡೆ ಓದಿದೆ. ಯಾವುದು ಸರಿ? ಅವರ ಬಾಲ್ಯ ಕಷ್ಟದ್ದಾಗಿತ್ತಂತೆ, ಹೌದೇ?
— ಓದುಗರು, ಶಿವಮೊಗ್ಗ

ಹುಟ್ಟಿದ್ದು ಅಮೆರಿಕದಲ್ಲಿ, ಬೆಳೆದದ್ದು ಜರ್ಮನಿಯಲ್ಲಿ, ಪುಸ್ತಕ ಮಾಡಿದ್ದು ಮತ್ತೆ ಅಮೆರಿಕದಲ್ಲಿ. ಅವರು 1929ರ ಜೂನ್ 25ರಂದು ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಊರಿನಲ್ಲಿ ಹುಟ್ಟಿದರು. ತಂದೆ ತಾಯಿ ಜರ್ಮನಿಯಿಂದ ಹೋಗಿ ನೆಲೆಸಿದ್ದವರು. ತಾಯಿಗೆ ತವರಿನ ಹಂಬಲ ತಡೆಯಲಾಗದೆ 1935ರಲ್ಲಿ ಕುಟುಂಬ ಸ್ಟುಟ್‌ಗಾರ್ಟ್‌ಗೆ ಮರಳಿತು. ಹಿಟ್ಲರ್ ಅಧಿಕಾರಕ್ಕೆ ಬಂದು ಆಗಲೇ ಎರಡು ವರ್ಷವಾಗಿತ್ತು.

ಆರು ವರ್ಷದ ಹುಡುಗನಿಗೆ ಮೊದಲು ತಟ್ಟಿದ್ದು ಶಾಲೆಯ ವ್ಯತ್ಯಾಸ. ಸಿರಕ್ಯೂಸಿನ ಒಂದನೇ ತರಗತಿಯಲ್ಲಿ ಬಿಸಿಲು ತುಂಬಿದ ಕೋಣೆ, ದೊಡ್ಡ ದೊಡ್ಡ ಹಾಳೆ, ದಪ್ಪ ಕುಂಚ. ಸ್ಟುಟ್‌ಗಾರ್ಟ್‌ನಲ್ಲಿ ಚಿಕ್ಕ ಹಾಳೆ, ಗಟ್ಟಿ ಪೆನ್ಸಿಲು, ಸ್ಕೇಲು, ತಪ್ಪಿದರೆ ಬೆತ್ತ. ಮುಂದೆ ಅವರು ಮಾಡಿದ ಪುಸ್ತಕಗಳಲ್ಲಿ ಹಾಳೆ ತುಂಬ ಹರಡಿಕೊಂಡ ಒಂದೇ ಒಂದು ದೊಡ್ಡ ಪ್ರಾಣಿಯನ್ನು ನೋಡುವಾಗ ಆ ಮೊದಲ ತರಗತಿ ನೆನಪಾಗದೆ ಇರದು. ತಂದೆಗೆ ಕಾಡು ಸುತ್ತುವ ಗೀಳು. ಮಗನನ್ನು ಕರೆದೊಯ್ದು ಮರದ ತೊಗಟೆ ಎಬ್ಬಿಸಿ, ಕಲ್ಲು ಮಗುಚಿ ಹುಳುಹುಪ್ಪಟೆ ತೋರಿಸುತ್ತಿದ್ದರು. ಅವು ಹೇಗೆ ಬದುಕುತ್ತವೆಂದು ಹೇಳಿ, ಮತ್ತೆ ಜೋಪಾನವಾಗಿ ಅಲ್ಲೇ ಬಿಡುತ್ತಿದ್ದರು. ಜೇಡ, ಮಿಡತೆ, ಮಿಂಚುಹುಳು, ಗುಲಗಂಜಿ ಹುಳು ಕಾರ್ಲ್ ಪುಸ್ತಕಗಳಿಗೆ ಬಂದದ್ದು ಈ ದಾರಿಯಿಂದ.

ಯುದ್ಧ ಶುರುವಾದಾಗ ತಂದೆಯನ್ನು ಸೇನೆಗೆ ಎಳೆದೊಯ್ದರು. ಅವರು ಸೋವಿಯತ್ ಸೆರೆಯಲ್ಲಿ ಸಿಕ್ಕಿಬಿದ್ದು 1947ರಲ್ಲಿ ಮನೆಗೆ ಮರಳಿದಾಗ ತೂಕ 38 ಕಿಲೋ ಮಾತ್ರ. ಕಾರ್ಲ್‌ಗೂ ಹದಿನೈದನೇ ವಯಸ್ಸಿನಲ್ಲಿ ಗಡಿಯ ಸೀಗ್‌ಫ್ರೀಡ್ ರಕ್ಷಣಾ ಸಾಲಿನಲ್ಲಿ ಕಂದಕ ತೋಡುವ ಕೆಲಸ ಬಿತ್ತು. ಈ ವರ್ಷಗಳಲ್ಲಿ ಒಂದು ಒಳ್ಳೆಯ ಸಂಗತಿಯೂ ನಡೆಯಿತು. ಅವರ ಚಿತ್ರಕಲೆಯ ಮೇಷ್ಟ್ರು ಕ್ರೌಸ್ ಹುಡುಗನನ್ನು ಮನೆಗೆ ಕರೆಸಿ, ನಾತ್ಸಿ ಸರ್ಕಾರ ನಿಷೇಧಿಸಿದ್ದ ಆಧುನಿಕ ಚಿತ್ರಗಳ ಪ್ರತಿಗಳನ್ನು ಗುಟ್ಟಾಗಿ ತೋರಿಸಿದರು. ಪಿಕಾಸೊ, ಮತೀಸ್, ಕ್ಲೇ ಮುಂತಾದವರ ಚಿತ್ರಗಳವು. ಸಿಕ್ಕಿಬಿದ್ದಿದ್ದರೆ ಮೇಷ್ಟ್ರ ಗತಿ ಏನಾಗುತ್ತಿತ್ತೆಂದು ಊಹಿಸಬಹುದು. ನೀಲಿ ಕುದುರೆಗಳನ್ನು ಬಿಡಿಸಿದ ಫ್ರಾಂಜ್ ಮಾರ್ಕ್ ಎಂಬ ಜರ್ಮನ್ ಚಿತ್ರಕಾರನಿಗೆ ಗೌರವವಾಗಿ ಕಾರ್ಲ್ 2011ರಲ್ಲಿ ಒಂದು ಪುಸ್ತಕವನ್ನೇ ಮಾಡಿದರು. ಅದರಲ್ಲಿ ಕುದುರೆ ನೀಲಿ, ಮೊಸಳೆ ಕೆಂಪು, ಹಸು ಹಳದಿ.

ಪ್ರಶ್ನೆ: ನಲವತ್ತು ವಯಸ್ಸಿನವರೆಗೂ ಅವರು ಮಕ್ಕಳ ಪುಸ್ತಕ ಬರೆದೇ ಇರಲಿಲ್ಲವಂತೆ. ಅಲ್ಲಿಯವರೆಗೆ ಏನು ಮಾಡುತ್ತಿದ್ದರು?
— ಓದುಗರು, ಬೆಳಗಾವಿ

ಜಾಹೀರಾತು ಮಾಡುತ್ತಿದ್ದರು. ಇದನ್ನು ಬಹಳ ಜನ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನಮ್ಮ ದೃಷ್ಟಿಯಲ್ಲಿ ಅವರ ಪುಸ್ತಕಗಳ ಬೇರು ಇರುವುದೇ ಇಲ್ಲಿ. ಸ್ಟುಟ್‌ಗಾರ್ಟ್‌ನ ಕಲಾ ಅಕಾಡೆಮಿಯಲ್ಲಿ ಅವರು ಕಲಿತದ್ದು ಗ್ರಾಫಿಕ್ ವಿನ್ಯಾಸ. 1952ರಲ್ಲಿ ಜೇಬಿನಲ್ಲಿ 40 ಡಾಲರ್ ಇಟ್ಟುಕೊಂಡು ನ್ಯೂಯಾರ್ಕ್‌ಗೆ ಬಂದರು. ತಾವೂ ಮುಂದೆ ಮಕ್ಕಳ ಪುಸ್ತಕಗಳಿಂದ ಹೆಸರಾದ ಲಿಯೊ ಲಿಯೊನ್ನಿ ಆಗ ಒಂದು ದೊಡ್ಡ ಪತ್ರಿಕೆಯ ಕಲಾ ನಿರ್ದೇಶಕರು. ಅವರ ನೆರವಿನಿಂದ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ವಿನ್ಯಾಸಕಾರನ ಕೆಲಸ ಸಿಕ್ಕಿತು. ಅಷ್ಟರಲ್ಲಿ ಅಮೆರಿಕದ ಸೇನೆಗೆ ಕಡ್ಡಾಯ ಕರೆ ಬಂತು, ಪೋಸ್ಟಿಂಗ್ ಸಿಕ್ಕಿದ್ದು ಮತ್ತೆ ಜರ್ಮನಿಗೆ. ಅದು ಮುಗಿದ ಮೇಲೆ ವರ್ಷಗಟ್ಟಲೆ ಜಾಹೀರಾತು ಸಂಸ್ಥೆಯಲ್ಲಿ ಕಲಾ ನಿರ್ದೇಶಕರಾಗಿ ದುಡಿದರು.

ಬಿಲ್ ಮಾರ್ಟಿನ್ ಎಂಬ ಶಿಕ್ಷಣತಜ್ಞರು ಒಂದು ಜಾಹೀರಾತಿನಲ್ಲಿ ಕಾರ್ಲ್ ಮಾಡಿದ್ದ ಕೆಂಪು ಲಾಬ್‌ಸ್ಟರ್ ಚಿತ್ರ ನೋಡಿ, ತಮ್ಮ ‘ಬ್ರೌನ್ ಬೇರ್, ಬ್ರೌನ್ ಬೇರ್, ವಾಟ್ ಡು ಯು ಸೀ?’ ಪದ್ಯಕ್ಕೆ ಚಿತ್ರ ಮಾಡಿಕೊಡಲು ಕೇಳಿದರು. ಅದು ಬಂದದ್ದು 1967ರಲ್ಲಿ, ಕಾರ್ಲ್‌ಗೆ ಆಗ 38. ಮರುವರ್ಷ ಅಂಕೆಗಳ ಮೃಗಾಲಯದ ಪುಸ್ತಕ, 1969ರಲ್ಲಿ ಕಂಬಳಿಹುಳದ ಪುಸ್ತಕ. ಅಲ್ಲಿಂದ ಮುಂದೆ 70ಕ್ಕೂ ಹೆಚ್ಚು ಪುಸ್ತಕಗಳು. ಎಲ್ಲ ಸೇರಿ ಮಾರಾಟವಾದ ಪ್ರತಿಗಳು 17 ಕೋಟಿಗೂ ಮಿಕ್ಕಿ. ಕಂಬಳಿಹುಳವೊಂದೇ 60ಕ್ಕೂ ಹೆಚ್ಚು ಭಾಷೆಗಳಲ್ಲಿ ಹರಿದಾಡಿದೆ. ಬಸ್ಸಿನ ಕಿಟಕಿಯಿಂದ ಕಂಡರೂ ಥಟ್ಟನೆ ಅರ್ಥವಾಗಬೇಕು ಎಂಬ ಜಾಹೀರಾತಿನ ಶಿಸ್ತೇ ಅವರ ಪುಟಗಳಲ್ಲಿದೆ: ಹಿಂದೆ ಬಿಳಿ ಬಯಲು, ಮುಂದೆ ಒಂದೇ ಆಕಾರ, ಒಂದೆರಡು ವಾಕ್ಯ. 2002ರಲ್ಲಿ ಪತ್ನಿ ಬಾರ್ಬರಾ ಜೊತೆ ಸೇರಿ ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್‌ನಲ್ಲಿ ಚಿತ್ರಪುಸ್ತಕ ಕಲೆಯ ಮ್ಯೂಸಿಯಂ ತೆರೆದರು. 2021ರ ಮೇ 23ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡರು.

ಪ್ರಶ್ನೆ: ಕಂಬಳಿಹುಳದ ಪುಸ್ತಕದಲ್ಲಿ ಹಾಳೆಗಳಿಗೆ ತೂತು ಏಕೆ? ಅಮೆರಿಕದ ಪುಸ್ತಕ ಮೊದಲು ಜಪಾನಿನಲ್ಲಿ ಅಚ್ಚಾಯಿತು ಎಂಬುದು ನಿಜವೇ?
— ಮುದ್ರಣ ವೃತ್ತಿಯ ಓದುಗರು, ಗದಗ

ನಿಜ. ಕಾರ್ಲ್ ಒಮ್ಮೆ ಕಾಗದದ ಕಟ್ಟಿಗೆ ಪಂಚಿಂಗ್ ಮಷಿನ್ನಿನಿಂದ ತೂತು ಹಾಕುತ್ತಿದ್ದಾಗ ಪುಸ್ತಕ ಕೊರೆಯುವ ಹುಳು ನೆನಪಾಯಿತು. ಮೊದಲು ಯೋಚಿಸಿದ್ದು ವಿಲ್ಲಿ ಎಂಬ ಹುಳುವಿನ ಒಂದು ವಾರದ ಕತೆ. ಸಂಪಾದಕಿ ಆ್ಯನ್ ಬೆನೆಡ್ಯೂಸ್ ಅವರಿಗೆ ಹುಳು ಅಷ್ಟಾಗಿ ಹಿಡಿಸಲಿಲ್ಲ. ಕಂಬಳಿಹುಳು ಆದರೆ ಹೇಗೆ ಎಂದರು. ಕಾರ್ಲ್ ಬಾಯಿಂದ ಆ ಕ್ಷಣವೇ ‘ಚಿಟ್ಟೆ!’ ಎಂದು ಬಂತು. ಕತೆಗೆ ಕೊನೆ ಸಿಕ್ಕಿದ್ದು ಹಾಗೆ.

ಕತೆ ಸರಳ, ಪುಸ್ತಕ ಕಟ್ಟುವುದು ಮಾತ್ರ ತಲೆನೋವು. ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರ್ ಹಣ್ಣು, ಬುಧವಾರ ಮೂರು ಪ್ಲಮ್, ಗುರುವಾರ ನಾಲ್ಕು ಸ್ಟ್ರಾಬೆರಿ, ಶುಕ್ರವಾರ ಐದು ಕಿತ್ತಳೆ. ಹಣ್ಣು ಹೆಚ್ಚಿದಂತೆ ಪುಟವೂ ಅಗಲ. ನಿಮ್ಮ ವೃತ್ತಿಯವರಿಗೆ ಇದರ ತೊಡಕು ಕೂಡಲೇ ಹೊಳೆಯುತ್ತದೆ. ಸಾಮಾನ್ಯ ಪುಸ್ತಕವನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ, ಮಡಚಿ, ಹೊಲಿದು, ಕೊನೆಗೆ ಮೂರೂ ಕಡೆ ಒಂದೇ ಏಟಿಗೆ ಟ್ರಿಮ್ ಮಾಡುತ್ತೇವೆ. ಇಲ್ಲಿ ಗಿಡ್ಡ ಪುಟಗಳಿಗೆ ಆ ಬ್ಲೇಡು ತಾಗುವುದೇ ಇಲ್ಲ. ಅವನ್ನು ಮೊದಲೇ ಅಳತೆಗೆ ಕತ್ತರಿಸಿ, ಡೈ ಕಟಿಂಗ್ (ಅಚ್ಚಿನಾಕಾರದ ಬ್ಲೇಡಿನಿಂದ ತೂತು ಕತ್ತರಿಸುವುದು) ಮಾಡಿ, ಕೈಯಿಂದ ಸರಿಯಾದ ಸಾಲಿಗೆ ಸೇರಿಸಬೇಕು. ತೂತು ಹಾಳೆಯ ಎರಡೂ ಮಗ್ಗುಲಿಗೂ ಬರುತ್ತದೆ. ಮುಂದೆ ಹುಳು ಒಳಹೊಕ್ಕ ಜಾಗದಲ್ಲೇ ಹಿಂದೆ ಅದು ಹೊರಬರುವಂತೆ ಚಿತ್ರ ಕೂರಬೇಕು. ಅಚ್ಚು ಒಂದೆರಡು ಮಿಲಿಮೀಟರ್ ಜರುಗಿದರೂ ತೂತು ಹಣ್ಣಿನ ಅಂಚಿಗೆ ಹೋಗಿ ಕೆಟ್ಟದಾಗಿ ಕಾಣುತ್ತದೆ. ಅಮೆರಿಕದಲ್ಲಿ ಕೈಗೆಟಕುವ ಬೆಲೆಗೆ ಇದನ್ನು ಮಾಡಿಕೊಡುವ ಮುದ್ರಕರು ಸಿಗಲಿಲ್ಲ. ಬೆನೆಡ್ಯೂಸ್ ಜಪಾನಿನಲ್ಲಿ ಹುಡುಕಿದರು.

ಆಟಿಕೆಯೂ ಆಗುವ ಪುಸ್ತಕ ಕಾರ್ಲ್‌ಗೆ ಬೇಕಿತ್ತು. ಓದು ಬಾರದ ಮಗು ಬೆರಳು ತೂರಿಸಿ ಎಣಿಸುತ್ತದೆ. ತೂತು ಅಲಂಕಾರಕ್ಕೆ ಬಂದದ್ದಲ್ಲ. ತೂತಿಲ್ಲದ ಅಗ್ಗದ ಪ್ರತಿ ಸಿಕ್ಕರೆ ದಯವಿಟ್ಟು ಕೊಳ್ಳಬೇಡಿ.

ಪ್ರಶ್ನೆ: ಚಿಟ್ಟೆ ಗೂಡು ಕಟ್ಟುವುದಿಲ್ಲ, ಗೂಡು ಕಟ್ಟುವುದು ಪತಂಗ. ಕಾರ್ಲ್ ಪುಸ್ತಕದಲ್ಲಿ ಚಿಟ್ಟೆ ಗೂಡಿನಿಂದ ಬರುತ್ತದೆ. ರೇಷ್ಮೆ ಸಾಕುವ ಮನೆಗಳ ನಮ್ಮ ಮಕ್ಕಳೇ ಇದನ್ನು ಹಿಡಿದುಬಿಟ್ಟರು! ಏನು ಹೇಳಲಿ?
— ಶಿಕ್ಷಕಿ, ರಾಮನಗರ ಜಿಲ್ಲೆ

ಮಕ್ಕಳು ಹೇಳಿದ್ದೇ ಸರಿ ಎಂದು ಹೇಳಿ, ಮೇಡಂ. ರೇಷ್ಮೆ ಹುಳು ತನ್ನ ಸುತ್ತ ನೂಲು ಸುತ್ತಿ ಒಳಗೆ ಕೋಶವಾಗುತ್ತದೆ (ಹುಳು ರೆಕ್ಕೆಯ ಕೀಟವಾಗಿ ಬದಲಾಗುವ ಹಂತ), ಹೊರಬರುವುದು ಪತಂಗ. ಚಿಟ್ಟೆಯ ಕೋಶ ಸಾಮಾನ್ಯವಾಗಿ ಬಯಲಲ್ಲೇ, ಹೊದಿಕೆಯಿಲ್ಲದೆ ಇರುತ್ತದೆ. ಕಾರ್ಲ್‌ಗೂ ಈ ಪ್ರಶ್ನೆ ಎಷ್ಟೋ ಸಲ ಬಂದಿತ್ತು. ಪಾರ್ನಾಸಿಯನ್ ಎಂಬ ಅಪರೂಪದ ಚಿಟ್ಟೆಗಳು ಗೂಡಿನೊಳಗೆ ಕೋಶವಾಗುತ್ತವೆ ಎಂದು ಒಬ್ಬ ವಿಜ್ಞಾನಿಯಿಂದ ತಿಳಿಯಿತೆಂದು ಅವರು ಹೇಳಿದ್ದುಂಟು. ಆದರೆ ನಿಜವಾದ ಕಾರಣ ಬೇರೆ: ಚಿಕ್ಕವರಿದ್ದಾಗ ಮುದುಡಿ ಕೂತ ಮಗನಿಗೆ ತಂದೆ ‘ಗೂಡಿನಿಂದ ಹೊರಗೆ ಬಾ’ ಎನ್ನುತ್ತಿದ್ದರಂತೆ. ಆ ಮಾತು ಅವರಿಗೆ ಬಿಡಲಾಗಲಿಲ್ಲ.

ಪುಸ್ತಕ ತಿದ್ದುವುದಕ್ಕಿಂತ ನಿಜವಾದ ಕೋಶ ತೋರಿಸುವುದು ಒಳ್ಳೆಯದು. ಶಾಲೆಯ ನಿಂಬೆ ಅಥವಾ ಕರಿಬೇವಿನ ಗಿಡದ ಎಳೆ ಚಿಗುರು ನೋಡಿ. ನಿಂಬೆ ಚಿಟ್ಟೆಯ ಮರಿಹುಳು ಮೊದಲು ಹಕ್ಕಿ ಹಿಕ್ಕೆಯಂತೆ ಕಪ್ಪು ಬಿಳುಪಾಗಿರುತ್ತದೆ, ಬಲಿತ ಮೇಲೆ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಅಗಲ ಬಾಯಿಯ ಜಾಡಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿ, ಅದು ಯಾವ ಗಿಡದ ಮೇಲಿತ್ತೋ ಅದೇ ಗಿಡದ ಎಲೆಯನ್ನು ದಿನವೂ ಹೊಸದಾಗಿ ಹಾಕಿ, ಹಿಕ್ಕೆ ತೆಗೆಯಿರಿ. ನೇರ ನಿಂತ ಒಂದು ಕಡ್ಡಿ ಇರಲಿ. ಹುಳು ಕಡ್ಡಿಗೆ ಬಾಲದ ತುದಿ ಅಂಟಿಸಿ, ನಡುವಿಗೆ ತೆಳು ರೇಷ್ಮೆ ಎಳೆಯ ಪಟ್ಟಿ ಬಿಗಿದುಕೊಂಡು ಕೋಶವಾಗುತ್ತದೆ. ನಿಮ್ಮ ಮಕ್ಕಳಿಗೆ ತೋರಿಸಬೇಕಾದದ್ದು ಆ ಎಳೆ. ಅದನ್ನು ಕಡಿಯಬೇಡಿ, ಕೋಶ ಜಾರಿ ಬಿದ್ದರೆ ಚಿಟ್ಟೆಯ ರೆಕ್ಕೆ ಸೊಟ್ಟಗಾಗಬಹುದು. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಚಿಟ್ಟೆ ಬರುತ್ತದೆ. ಬದಲಿಗೆ ಸಣ್ಣ ಕಣಜಗಳು ಬಂದರೆ, ಅವುಗಳ ತಾಯಿ ಮೊದಲೇ ಹುಳುವಿನೊಳಗೆ ಮೊಟ್ಟೆಯಿಟ್ಟಿತ್ತು ಎಂದರ್ಥ. ನಿಮ್ಮ ತಪ್ಪೇನೂ ಇಲ್ಲ.

ಪ್ರಶ್ನೆ: ‘ಹುಳುವಿಗೆ ಹೊಟ್ಟೆನೋವು ಬರಬಾರದು, ಅದು ಖುಷಿಯಾಗಿ ತಿನ್ನಲಿ ಎಂದು ಕಾರ್ಲ್ ಪ್ರಕಾಶಕರೊಂದಿಗೆ ಜಗಳವಾಡಿ ಸೋತರು’ ಎಂಬ ವಾಟ್ಸ್ಆ್ಯಪ್ ಸಂದೇಶ ಬಂದಿದೆ. ನಿಜವೇ?
— ಓದುಗರು, ಮಂಗಳೂರು

ಸುಳ್ಳು. 2015ರ ಏಪ್ರಿಲ್ 1ರಂದು ‘ಪ್ಯಾರಿಸ್ ರಿವ್ಯೂ’ ಪತ್ರಿಕೆ ತಮಾಷೆಗೆ ಪ್ರಕಟಿಸಿದ ಕಾಲ್ಪನಿಕ ಸಂದರ್ಶನದ ಮಾತದು. 2021ರಲ್ಲಿ ಕಾರ್ಲ್ ತೀರಿಕೊಂಡಾಗ ಜನ ಅದನ್ನೇ ಅವರ ಸ್ವಂತ ಮಾತೆಂದು ಹಂಚಿದರು, ಹೆಸರಾಂತ ಪತ್ರಿಕೆಗಳೂ ಎತ್ತಿಕೊಂಡು ಆಮೇಲೆ ತಿದ್ದಿಕೊಂಡವು. ಮುಂದಕ್ಕೆ ಕಳುಹಿಸಬೇಡಿ.

ಪ್ರಶ್ನೆ: ಕಾರ್ಲ್ ಮಾದರಿಯ ಚಿತ್ರವನ್ನು ಮಕ್ಕಳಿಂದ ಮಾಡಿಸಲು ಹೋದೆವು. ಅಂಗಡಿಯ ಬಣ್ಣದ ಟಿಶ್ಯೂ ಕಾಗದಕ್ಕೆ ಅಂಟು ತಾಗಿದ್ದೇ ತಡ ಬಣ್ಣ ಹರಿದು ಎಲ್ಲ ಕಲಸಿಹೋಯಿತು, ಹಾಳೆ ಸುರುಟಿಕೊಂಡಿತು. ಅವರು ಹೇಗೆ ಮಾಡುತ್ತಿದ್ದರು?
— ಚಿತ್ರಕಲಾ ಶಿಕ್ಷಕರು, ಹಾಸನ

ಅಂಗಡಿಯ ಬಣ್ಣದ ಕಾಗದದಿಂದ ಕಾರ್ಲ್‌ಗೂ ತೊಂದರೆಯಾಗಿತ್ತು. ಶುರುವಿನ ಪುಸ್ತಕಗಳಿಗೆ ಅವರೂ ಅದನ್ನೇ ಬಳಸಿದ್ದರು. ಬೆಳಕಿಗೆ ಬಣ್ಣ ಮಾಸಿಹೋಗುತ್ತಿತ್ತು. ಆಮೇಲೆ ಬಿಳಿ ಟಿಶ್ಯೂ ಕಾಗದ ತಂದು ತಾವೇ ಅಕ್ರಿಲಿಕ್ ಬಣ್ಣ ಬಳಿಯತೊಡಗಿದರು. ಅಗಲ ಕುಂಚ, ಸಣ್ಣ ಕುಂಚ, ಬೆರಳು, ಸ್ಪಂಜು, ಕಾರ್ಪೆಟ್ ತುಂಡು, ಗೋಣಿಬಟ್ಟೆ ಯಾವುದೂ ಆಗುತ್ತಿತ್ತು. ಒಣಗಿದ ಹಾಳೆಗಳನ್ನು ಬಣ್ಣವಾರು ಡ್ರಾಯರುಗಳಲ್ಲಿ ಜೋಡಿಸಿಡುತ್ತಿದ್ದರು. ಚಿತ್ರ ಮಾಡುವ ದಿನ ಬಣ್ಣ ಕಲಸುವ ಕೆಲಸವೇ ಇಲ್ಲ. ಬೇಕಾದ ಹಾಳೆ ತೆಗೆದು, ಕತ್ತರಿಸಿ, ವಾಲ್‌ಪೇಪರ್ ಅಂಟಿನಿಂದ ದಪ್ಪ ಬೋರ್ಡಿಗೆ ಅಂಟಿಸುವುದು. ಕಣ್ಣು, ಮೀಸೆಯಂಥ ಸಣ್ಣ ವಿವರಕ್ಕೆ ಕೊನೆಯಲ್ಲಿ ಕ್ರೇಯಾನ್.

ನಿಮ್ಮ ಕೆಲಸ ಎರಡು ದಿನಕ್ಕೆ ಹಂಚಿ, ಸರ್. ಮೊದಲ ದಿನ ಬಣ್ಣ ಮಾತ್ರ. ಮೇಜಿಗೆ ಪ್ಲಾಸ್ಟಿಕ್ ಹಾಳೆ ಹಾಸಿ. ನ್ಯೂಸ್‌ಪೇಪರ್ ಹಾಸಿದರೆ ಟಿಶ್ಯೂ ಅದಕ್ಕೇ ಅಂಟಿಕೊಂಡು, ಎಬ್ಬಿಸುವಾಗ ಹರಿಯುತ್ತದೆ. ಅಕ್ರಿಲಿಕ್ಕಿಗೆ ನೀರು ಸೇರಿಸಿ ಗಟ್ಟಿ ಮಜ್ಜಿಗೆಯ ಹದಕ್ಕೆ ತನ್ನಿ. ನೀರು ಹೆಚ್ಚಾದರೆ ಕುಂಚದ ಎಳೆತಕ್ಕೇ ಕಾಗದ ಚಿಂದಿಯಾಗುತ್ತದೆ. ಒಂದೇ ದಿಕ್ಕಿಗೆ ಎಳೆಯಿರಿ, ಉಜ್ಜಬೇಡಿ. ಪೂರ್ತಿ ಒಣಗುವ ತನಕ ಪ್ಲಾಸ್ಟಿಕ್ಕಿನ ಮೇಲೇ ಬಿಟ್ಟು ಆಮೇಲೆ ಮೂಲೆಯಿಂದ ಬಿಡಿಸಿ. ಪೋಸ್ಟರ್ ಕಲರ್ ಅಗ್ಗ, ನಿಜ. ಆದರೆ ಅದು ಒಣಗಿದ ಮೇಲೂ ನೀರಿಗೆ ಕರಗುತ್ತದೆ, ಅಂಟು ತಾಗಿದಾಗ ಮತ್ತೆ ಕಲಸುತ್ತದೆ. ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ ಪದರವಾಗಿ ಕೂರುತ್ತದೆ, ಕರಗುವುದಿಲ್ಲ.

ಎರಡನೇ ದಿನ ಅಂಟಿಸುವುದು. ಮೈದಾ ಅಂಟು ಸಾಕು: ಒಂದು ಲೋಟ ಮೈದಾಕ್ಕೆ ಐದು ಲೋಟ ನೀರು. ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಉಳಿದ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಿಳುಪು ಹೋಗಿ ಹೊಳಪು ಬಂದಾಗ ಇಳಿಸಿ, ಆರಿಸಿ, ಸೋಸಿ. ಮೂರನೇ ದಿನಕ್ಕೆ ಹುಳಿ ವಾಸನೆ ಬರುತ್ತದೆ, ಚೆಲ್ಲಿಬಿಡಿ. ಬೈಂಡಿಂಗಿನವರು ಕೆಡದಂತೆ ಹಾಕುವ ಮೈಲುತುತ್ತ ವಿಷ, ಮಕ್ಕಳ ಕೈಗೆ ಹೋಗುವ ಅಂಟಿಗೆ ಬೇಡವೇ ಬೇಡ. ಅಂಟನ್ನು ಟಿಶ್ಯೂಗಲ್ಲ, ಬೋರ್ಡಿಗೆ ತೆಳ್ಳಗೆ ಬಳಿಯಿರಿ. ಮೇಲೆ ಟಿಶ್ಯೂ ಇಟ್ಟು, ನಡುವಿನಿಂದ ಅಂಚಿಗೆ ಒಣ ಕುಂಚದಿಂದ ಸವರಿ.

ಬೋರ್ಡು ಸುರುಟುವುದು ಒಂದೇ ಮಗ್ಗುಲಿಗೆ ಅಂಟು ಬಿದ್ದು ಒಣಗುವಾಗ ಆ ಮಗ್ಗುಲು ಕುಗ್ಗುವುದರಿಂದ. ಹಿಂದಿನ ಮಗ್ಗುಲಿಗೂ ಒಂದು ಬಿಳಿ ಹಾಳೆ ಅಂಟಿಸಿದರೆ ಎರಡೂ ಕಡೆ ಎಳೆತ ಸಮನಾಗುತ್ತದೆ. ಮುಟ್ಟಿದರೆ ಹಸಿ ತಗುಲದಷ್ಟು ಒಣಗಿದ ಮೇಲೆ, ಮೇಲೆ ಕೆಳಗೆ ಪ್ಲಾಸ್ಟಿಕ್ ಇಟ್ಟು, ದಪ್ಪ ಪುಸ್ತಕಗಳ ಅಡಿಯಲ್ಲಿ ರಾತ್ರಿಯಿಡೀ ಒತ್ತಿಡಿ. ಟಿಶ್ಯೂ ಪಾರದರ್ಶಕ. ಹಳದಿಯ ತೆಳು ಹಾಳೆ ನೀಲಿಯ ಮೇಲೆ ಅರ್ಧ ಕೂತರೆ ಅಲ್ಲಿ ಹಸಿರು ಮೂಡುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ಹೇಳದೆ, ತಾವೇ ಕಂಡುಕೊಳ್ಳಲು ಬಿಡಿ.

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಒಂದು ತೂತಿನ ಪುಸ್ತಕ ಮಾಡಬೇಕೆಂದಿದ್ದೇನೆ. ನಮ್ಮ ಮಾವು, ಬಾಳೆ, ಸೀಬೆ ಹಾಕಬಹುದೇ? ಅಳತೆ ಕೊಡಿ.
— ಓದುಗರು, ಮೈಸೂರು

ಧಾರಾಳವಾಗಿ ಹಾಕಿ. ಎ4 ಅಳತೆಯ ದಪ್ಪ ಡ್ರಾಯಿಂಗ್ ಹಾಳೆ, 200ರಿಂದ 250 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ), ಅಡ್ಡಕ್ಕೆ ಇಟ್ಟುಕೊಳ್ಳಿ. ಎಡಕ್ಕೆ 2 ಸೆಂ.ಮೀ. ಹೊಲಿಗೆಗೆ ಬಿಡಿ. ಆಮೇಲೆ ಒಂದೊಂದು ಹಣ್ಣಿಗೆ 5 ಸೆಂ.ಮೀ. ಅಂದರೆ ಐದು ಪುಟಗಳ ಅಗಲ ಕ್ರಮವಾಗಿ 7, 12, 17, 22, 27 ಸೆಂ.ಮೀ. ಎಲ್ಲವನ್ನೂ ಎಡ ಅಂಚಿಗೆ ಸೇರಿಸಿಟ್ಟರೆ ಮೆಟ್ಟಿಲಿನ ಆಕಾರ ಬಂದು ಐದೂ ಹಣ್ಣು ಒಟ್ಟಿಗೆ ಕಾಣುತ್ತವೆ.

ಹೆಚ್ಚಿನವರು ಎಡವುವುದು ತೂತಿನಲ್ಲಿ. ಆಫೀಸಿನ ಪಂಚಿಂಗ್ ಮಷಿನ್ ಹಾಳೆಯ ಅಂಚಿನಿಂದ ಒಂದು ಸೆಂ.ಮೀ. ಆಸುಪಾಸಿಗಷ್ಟೇ ತಲುಪುತ್ತದೆ, ನಡುವಿನ ಹಣ್ಣಿಗೆ ತಲುಪದು. ಬೆಲ್ಟಿಗೆ ತೂತು ಹಾಕುವ ಟೊಳ್ಳು ಉಳಿಯನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ, 8 ಮಿ.ಮೀ. ಅಳತೆಯದು ಇರಲಿ. ಹಾಳೆಯ ಕೆಳಗೆ ಮರದ ಹಲಗೆ, ಅದರ ಮೇಲೆ ದಪ್ಪ ರಟ್ಟು ಇಟ್ಟು ಸುತ್ತಿಗೆಯಿಂದ ಒಂದೇ ಗಟ್ಟಿ ಏಟು. ಐದೂ ಪುಟಗಳನ್ನು ಕ್ಲಿಪ್ಪು ಹಾಕಿ ಒಟ್ಟಿಗೆ ಹೊಡೆದರೆ ತೂತುಗಳು ಒಂದರ ಹಿಂದೆ ಒಂದು ಸರಿಯಾಗಿ ಬರುತ್ತವೆ. ತೂತು ಮೊದಲು, ಚಿತ್ರ ಆಮೇಲೆ. ಚಿತ್ರ ಬರೆದು ತೂತು ಹೊಡೆದರೆ ಅರ್ಧದಷ್ಟು ಹಣ್ಣು ಓರೆಯಾಗುತ್ತವೆ.

ಹೊಲಿಗೆಯ ಮುಂಚೆ 2 ಸೆಂ.ಮೀ. ಗೆರೆಯ ಮೇಲೆ ಶಾಯಿ ಮುಗಿದ ಬಾಲ್‌ಪೆನ್ನಿಂದ ಒತ್ತಿ ಎಳೆಯಿರಿ, ಪುಟ ಅಲ್ಲೇ ಮಡಚಿಕೊಳ್ಳುತ್ತದೆ. ಆ ಗೆರೆಯ ಎಡಕ್ಕೆ ದಬ್ಬಣದಿಂದ ಮೂರು ತೂತು ಚುಚ್ಚಿ, ದಪ್ಪ ದಾರದಲ್ಲಿ ಹೊಲಿದು, ಗಂಟು ಹಿಂಭಾಗಕ್ಕೆ ಹಾಕಿ. ಸ್ಟೇಪ್ಲರ್ ಪಿನ್ನು ಬೇಡ, ಮಕ್ಕಳ ಬೆರಳಿಗೆ ಚುಚ್ಚುತ್ತದೆ. ಉಣ್ಣೆ ದಾರದ ತುಂಡಿಗೆ ಎರಡು ಗಂಟು ಹಾಕಿ ಹುಳು ಮಾಡಿಕೊಟ್ಟರೆ ಮಗು ತಾನೇ ತೂರಿಸಿಕೊಂಡು ಹೋಗುತ್ತದೆ. ಮೂರು ವರ್ಷದೊಳಗಿನವರಾದರೆ ಅದನ್ನು ಪುಸ್ತಕಕ್ಕೇ ಹೊಲಿದುಬಿಡಿ, ಬಾಯಿಗೆ ಹಾಕಿಕೊಳ್ಳಬಾರದು.

ಪ್ರಶ್ನೆ: ಎರಡು ವರ್ಷದ ಮೊಮ್ಮಗನಿಗೆ ಕಾರ್ಲ್ ಪುಸ್ತಕಗಳಲ್ಲಿ ಯಾವುದು ಕೊಡಿಸಲಿ? ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡರೆ ಪರವಾಗಿಲ್ಲವೇ?
— ಓದುಗರು, ಬೆಂಗಳೂರು

ಎರಡು ವರ್ಷಕ್ಕೆ ದಪ್ಪ ರಟ್ಟಿನ ‘ಬೋರ್ಡ್ ಬುಕ್’ ರೂಪದ ಕರಡಿಯ ‘ಬ್ರೌನ್ ಬೇರ್’ ಮತ್ತು ಕಂಬಳಿಹುಳ. ತೆಳು ಹಾಳೆಯ ಪ್ರತಿ ತೂತಿನಿಂದಲೇ ಹರಿಯತೊಡಗುತ್ತದೆ. ಮೂರರ ನಂತರ 1984ರ ಜೇಡದ ಪುಸ್ತಕ ಕೊಡಿ. ಅದರಲ್ಲಿ ಬಲೆಯ ಎಳೆಗಳು ಉಬ್ಬಿ ಅಚ್ಚಾಗಿವೆ, ಪುಟದಿಂದ ಪುಟಕ್ಕೆ ಬೆಳೆಯುವ ಬಲೆಯನ್ನು ಕಣ್ಣು ಕಾಣದ ಮಗುವೂ ಬೆರಳಿಂದ ಓದಬಹುದು. ನಮ್ಮ ಮಟ್ಟಿಗೆ ಅವರ ಅತ್ಯುತ್ತಮ ಪುಸ್ತಕ ಅದೇ. ಗಡಿಯಾರ ಕಲಿಯುವ ವಯಸ್ಸಿಗೆ 1977ರ ಸಿಡುಕಿನ ಗುಲಗಂಜಿ ಹುಳು.

ಹಳೆಯ ಪ್ರತಿ ಕೊಳ್ಳುವಾಗ ಉಬ್ಬು ಗೆರೆ ಚಪ್ಪಟೆಯಾಗಿದೆಯೇ ಎಂದು ಕೈಯಾಡಿಸಿ ನೋಡಿ. 1990ರ ಮಿಡತೆಯ ಪುಸ್ತಕದ ಕೊನೇ ಪುಟ ಚಿರ್ ಎನ್ನಬೇಕು, 1995ರ ಮಿಂಚುಹುಳುವಿನದು ಮಿನುಗಬೇಕು. ಎರಡರಲ್ಲೂ ಬ್ಯಾಟರಿ ಇದೆ. ಸದ್ದು ನಿಂತಿದ್ದರೆ ಬ್ಯಾಟರಿ ಮುಗಿದಿದೆ ಅಷ್ಟೇ, ಕತೆ ಓದಲು ಅಡ್ಡಿಯಿಲ್ಲ. ಆದರೆ ಬ್ಯಾಟರಿ ಇರುವ ಭಾಗದ ರಟ್ಟು ಬಿಟ್ಟುಕೊಂಡಿದ್ದರೆ ಕೊಳ್ಳಬೇಡಿ. ಗುಂಡಿಯಾಕಾರದ ಬ್ಯಾಟರಿ ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ, ತಡಮಾಡದೆ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಹರಿದ ಪುಟಕ್ಕೆ ಸೆಲ್ಲೋಟೇಪು ಹಚ್ಚಬೇಡಿ. ವರ್ಷ ಕಳೆದಂತೆ ಹಳದಿಯಾಗಿ, ಅಂಟು ಒಸರಿ ಪಕ್ಕದ ಪುಟವನ್ನೂ ಹಿಡಿದುಕೊಳ್ಳುತ್ತದೆ. ಬಿಳಿ ಟಿಶ್ಯೂ ಕಾಗದದ ಒಂದು ಸೆಂ.ಮೀ. ಪಟ್ಟಿಯನ್ನು ಕತ್ತರಿಸದೆ ಕೈಯಿಂದ ಹರಿದುಕೊಳ್ಳಿ, ಅಂಚಿನ ನಾರು ಪುಟದೊಂದಿಗೆ ಬೆರೆಯುತ್ತದೆ. ಮೇಲೆ ಹೇಳಿದ ಮೈದಾ ಅಂಟನ್ನು ತೆಳ್ಳಗೆ ಸವರಿ ಕೂರಿಸಿ, ಎರಡೂ ಕಡೆ ಪ್ಲಾಸ್ಟಿಕ್ ಹಾಳೆ ಇಟ್ಟು ಒತ್ತಿಡಿ. ಹರುಕು ತೂತಿನ ಅಂಚಿನದಾದರೆ ಪಟ್ಟಿಯನ್ನು ತೂತಿನೊಳಕ್ಕೆ ಮಡಚಿ ಹಿಂದಿನ ಮಗ್ಗುಲಿಗೆ ಅಂಟಿಸಿ. ಬೆರಳು ತೂರಿಸುವಾಗ ಎಳೆತ ಬೀಳುವುದು ಅಲ್ಲೇ.